ವಿಚಾರಣೆ ಫಾರ್ಮಿಗೆ ಬರುವ ಯಂತ್ರದ ಕಸ: ಯಾವ ತಡೆ ಯಾರಿಗೆ ಹೊಂದುತ್ತದೆ?

ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ಸಣ್ಣ ವ್ಯವಹಾರಗಳಿಗೆ ವೆಬ್‌ಸೈಟ್ ಮಾಡಿಕೊಟ್ಟು, ಆಮೇಲೆಯೂ ಅವನ್ನು ನೋಡಿಕೊಳ್ಳುವುದು ನನ್ನ ಕೆಲಸ. ಶ್ರೀರಂಗಪಟ್ಟಣದ ಬಳಿ ಹೊಳೆದಂಡೆಯ ಒಂದು ಹೋಮ್‌ಸ್ಟೇ, ಗೋಕುಲಂನ ಒಂದು ಯೋಗಶಾಲೆ, ಮದ್ದೂರಿನ ಕಡೆಯ ಒಂದು ಆಲೆಮನೆ, ಸರಸ್ವತಿಪುರಂನ ಒಂದು ಟ್ಯೂಷನ್ ಕೇಂದ್ರ, ಹೀಗೆ ಇವರ ವ್ಯವಹಾರಗಳು ಬೇರೆಬೇರೆಯಾಗಿದ್ದರೂ ದೂರು ಮಾತ್ರ ಒಂದೇ: ‘ನಮ್ಮನ್ನು ಸಂಪರ್ಕಿಸಿ’ ಎಂಬ ಪುಟದ ಫಾರ್ಮಿನಿಂದ ದಿನವೂ ಕಸ ಬರುತ್ತದೆ. ಗೂಗಲ್‌ನಲ್ಲಿ ಮೊದಲ ಸ್ಥಾನ ಕೊಡಿಸುತ್ತೇವೆ ಎನ್ನುವವರು, ಸಾಲ ಕೊಡುತ್ತೇವೆ ಎನ್ನುವವರು, ರಷ್ಯನ್ ಲಿಪಿಯ ಉದ್ದನೆಯ ಒಕ್ಕಣೆಗಳು, ಅರ್ಥವೇ ಇಲ್ಲದ ಅಕ್ಷರಗಳ ಸಾಲುಗಳು. ಇವುಗಳ ನಡುವೆ ಎಲ್ಲೋ ಒಂದು ಕಡೆ, ದಸರಾ ಸಮಯದಲ್ಲಿ ಎರಡು ಕೋಣೆ ಸಿಗುತ್ತವೆಯೇ ಎಂದು ಕೇಳಿದ ನಿಜವಾದ ಅತಿಥಿಯೂ ಇರುತ್ತಾನೆ.

ಆ ಹೋಮ್‌ಸ್ಟೇಗೆ ನಾನು ಮೊದಲು ಹಾಕಿಕೊಟ್ಟದ್ದು ಬಹಳ ಬಿಗಿಯಾದ ಜರಡಿ. ಸಂದೇಹ ಬಂದದ್ದನ್ನೆಲ್ಲ ಅದು ಅಲ್ಲೇ ಅಳಿಸಿಹಾಕುತ್ತಿತ್ತು. ಕಸ ನಿಂತಿತು, ಮಾಲೀಕರೂ ಸಂತೋಷಪಟ್ಟರು. ಕೆಲವು ವಾರಗಳ ಬಳಿಕ ಹುಬ್ಬಳ್ಳಿಯ ಕುಟುಂಬವೊಂದು ದೂರವಾಣಿಯಲ್ಲಿ ಮಾತನಾಡಿ, ಎರಡು ಸಲ ಬರೆದರೂ ನಿಮ್ಮಿಂದ ಉತ್ತರವಿಲ್ಲ, ನಾವು ಬೇರೆ ಕಡೆ ಕಾದಿರಿಸಿದೆವು ಎಂದು ಬೇಸರದಿಂದ ತಿಳಿಸಿತು. ವಿಚಾರಿಸಿದಾಗ ತಿಳಿದದ್ದೇನೆಂದರೆ, ಅವರು ತಮ್ಮ ಕಚೇರಿಯ ಕಂಪ್ಯೂಟರಿನಲ್ಲಿ ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ, ಯೂನಿಕೋಡ್ (ಎಲ್ಲ ಲಿಪಿಗಳಿಗೂ ಇರುವ ಸಾಮಾನ್ಯ ಸಂಕೇತ ಪದ್ಧತಿ) ಅಲ್ಲದ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದನ್ನು ನಕಲಿಸಿ ಫಾರ್ಮಿನಲ್ಲಿ ಅಂಟಿಸಿದ್ದರು. ಆ ಫಾಂಟಿನ ಹೊರಗೆ ಅಂಥ ಬರಹ ಚಿಹ್ನೆ ಸಹಿತವಾದ ರೋಮನ್ ಅಕ್ಷರಗಳ ಗೋಜಲಾಗಿ ಕಾಣುತ್ತದೆ. ಜರಡಿ ಅದನ್ನು ಕಸವೆಂದೇ ತಿಳಿದು ಎಸೆದಿತ್ತು. ಆ ದಿನದಿಂದ ನಾನು ಈ ವಿಷಯವನ್ನು ಬೇರೆ ರೀತಿಯಲ್ಲಿ ನೋಡುತ್ತಿದ್ದೇನೆ. ಎಷ್ಟು ಕಸ ನಿಂತಿತು ಎಂಬುದಕ್ಕಿಂತ ಎಷ್ಟು ಕಾಳು ಕಸದ ಜೊತೆಗೆ ಹೋಯಿತು ಎಂಬ ಲೆಕ್ಕವೇ ದೊಡ್ಡದು; ಮುಂದೆ ಹೇಳುವ ಪ್ರತಿಯೊಂದು ಉಪಾಯವನ್ನೂ ಇದೇ ಅಳತೆಗೋಲಿನಿಂದ ಹೋಲಿಸಿದ್ದೇನೆ.

ಕಳಿಸುವವರು ಮೂರು ಬಗೆ

ತಡೆಯನ್ನು ಆರಿಸುವ ಮುನ್ನ ಯಾರನ್ನು ತಡೆಯಬೇಕು ಎಂಬುದು ಸ್ಪಷ್ಟವಾಗಬೇಕು. ಮೊದಲನೆಯ ಬಗೆ, ಪುಟವನ್ನು ತೆರೆಯದೆಯೇ ಕಳಿಸುವ ಸರಳ ಬಾಟ್, ಅಂದರೆ ತಾನಾಗಿ ಕೆಲಸ ಮಾಡುವ ಪ್ರೋಗ್ರಾಂ. ನಾವು ‘ಕಳಿಸಿ’ ಗುಂಡಿ ಒತ್ತಿದಾಗ ಮಾಹಿತಿ ಸರ್ವರಿನ (ವೆಬ್‌ಸೈಟನ್ನು ನಡೆಸುವ ಕಂಪ್ಯೂಟರಿನ) ಯಾವ ವಿಳಾಸಕ್ಕೆ ಹೋಗುತ್ತದೆಯೋ ಆ ವಿಳಾಸವನ್ನು ಒಮ್ಮೆ ಗುರುತಿಸಿಟ್ಟುಕೊಂಡು, ಆಮೇಲೆ ನೇರವಾಗಿ ಅಲ್ಲಿಗೇ ಸುರಿಯುತ್ತದೆ. ಇದಕ್ಕೆ ಪುಟದೊಳಗಿನ ಜಾವಾಸ್ಕ್ರಿಪ್ಟ್ ಕೋಡನ್ನು ನಡೆಸುವ ಶಕ್ತಿಯಿಲ್ಲ, ಪುಟ ಹೇಗೆ ಕಾಣುತ್ತದೆ ಎಂಬುದೂ ತಿಳಿಯದು. ಎರಡನೆಯದು, ನಿಜವಾದ ಕ್ರೋಮ್ ಬ್ರೌಸರನ್ನೇ ತೆರೆಯಿಲ್ಲದೆ ನಡೆಸಿ, ಖಾನೆಗಳನ್ನು ಒಂದೊಂದಾಗಿ ತುಂಬುವ ಬಾಟ್. ಮೂರನೆಯದು, ಕೂಲಿ ಪಡೆದು ಕೈಯಿಂದ ತುಂಬುವ ಮನುಷ್ಯರು, ಅಥವಾ ಬಾಟ್‌ಗೆ ಅಡ್ಡ ಬಂದ ಒಗಟನ್ನು ಮಾತ್ರ ಬಿಡಿಸಿಕೊಡುವ ಕೂಲಿಯವರು. ಈ ಕೆಲಸದ ದರ ಸಾವಿರ ಒಗಟುಗಳಿಗೆ ಸುಮಾರು ಒಂದು ಡಾಲರ್‌ವರೆಗೆ ಇಳಿದಿತ್ತೆಂದು 2010ರಷ್ಟು ಹಿಂದೆಯೇ ಅಮೆರಿಕದ ಸಂಶೋಧಕರು ದಾಖಲಿಸಿದ್ದರು.

‘ನಮ್ಮಂಥ ಸಣ್ಣ ಆಲೆಮನೆಯ ಮೇಲೆ ಯಾರಿಗೆ ಕಣ್ಣು?’ ಎಂದು ಮದ್ದೂರಿನವರು ಕೇಳಿದ್ದುಂಟು. ಯಾರಿಗೂ ಅವರ ಮೇಲೆ ಕಣ್ಣಿಲ್ಲ. ವೆಬ್‌ಸೈಟಿಗೆ ಸೇರಿಸುವ ಸಿದ್ಧ ತುಣುಕುಗಳಾದ ಹೆಸರಾಂತ ಪ್ಲಗಿನ್‌ಗಳ ಫಾರ್ಮುಗಳು ಎಲ್ಲ ವೆಬ್‌ಸೈಟುಗಳಲ್ಲೂ ಒಂದೇ ರೀತಿ ಇರುವುದರಿಂದ ಬಾಟ್‌ಗಳು ಅವನ್ನು ಗುರುತು ಹಿಡಿದು ಸಿಕ್ಕಸಿಕ್ಕಲ್ಲಿ ಕಸ ಹಾಕುತ್ತವೆ. ಸಣ್ಣ ವೆಬ್‌ಸೈಟಿಗೆ ಸಮಾಧಾನದ ಸಂಗತಿಯೂ ಇಲ್ಲೇ ಇದೆ: ಬರುವುದರಲ್ಲಿ ಬಹುಪಾಲು ಮೊದಲ ಬಗೆಯದು, ಅಂದರೆ ಅತ್ಯಂತ ದಡ್ಡ ಬಾಟ್‌ಗಳದ್ದು. ದಡ್ಡ ಬಾಟ್‌ಗೆ ಬುದ್ಧಿವಂತ ಬೀಗ ಬೇಕಿಲ್ಲ.

ಕಾಣದ ಖಾನೆ ಮತ್ತು ಗಡಿಯಾರ

ಆದ್ದರಿಂದ ನಾನು ಮೊದಲು ಶಿಫಾರಸು ಮಾಡುವುದು ಬಂದವರಿಗೆ ಕಾಣಿಸದ ಎರಡು ಉಪಾಯಗಳನ್ನು. ಒಂದು, ಹನಿಪಾಟ್ ಎಂದು ಕರೆಯುವ ಬಲೆಯ ಖಾನೆ. ಫಾರ್ಮಿನಲ್ಲಿ ಹೆಚ್ಚುವರಿಯಾಗಿ ಒಂದು ಖಾನೆಯನ್ನಿಟ್ಟು, ಪುಟದ ನೋಟವನ್ನು ನಿರ್ಧರಿಸುವ ಸಿಎಸ್‌ಎಸ್ ಮೂಲಕ ಅದನ್ನು ತೆರೆಯ ಹೊರಗೆ ಸರಿಸಲಾಗುತ್ತದೆ. ಮನುಷ್ಯರಿಗೆ ಅದು ಕಾಣಿಸದ ಕಾರಣ ಖಾಲಿಯಾಗಿ ಉಳಿಯುತ್ತದೆ. ಪುಟದ ಕೋಡನ್ನು ಮಾತ್ರ ಓದುವ ಬಾಟ್ ಸಿಕ್ಕ ಖಾನೆಗಳನ್ನೆಲ್ಲ ತುಂಬುವಾಗ ಅದನ್ನೂ ತುಂಬಿ ಸಿಕ್ಕಿಬೀಳುತ್ತದೆ.

ಕೇಳಲು ಸುಲಭವಾದರೂ ಇದನ್ನು ಅಳವಡಿಸುವಾಗ ಮೂರು ತಪ್ಪುಗಳಾಗುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಖಾನೆಯನ್ನು ಎಚ್‌ಟಿಎಂಎಲ್‌ನ ‘ಹಿಡನ್’ ಬಗೆಯದಾಗಿ ಮಾಡಿದರೆ ಅನೇಕ ಬಾಟ್‌ಗಳು ಅದನ್ನು ಮುಟ್ಟುವುದಿಲ್ಲ. ಸಾಮಾನ್ಯ ಪಠ್ಯದ ಖಾನೆಯಾಗಿಯೇ ಇಟ್ಟು ದೃಷ್ಟಿಯಿಂದ ಮರೆಮಾಡಬೇಕು. ಎರಡನೆಯದಾಗಿ, ಆ ಖಾನೆಗೆ ‘ಕಂಪನಿ’ ಅಥವಾ ‘ಫೋನ್ 2’ ಎಂಬಂಥ ಹೆಸರು ಕೊಟ್ಟರೆ, ವಿಳಾಸವನ್ನು ತಾನೇ ತುಂಬುವ ಬ್ರೌಸರುಗಳು ಮನುಷ್ಯನಿಗೆ ಅರಿವಿಲ್ಲದಂತೆಯೇ ಅದನ್ನು ತುಂಬಿಬಿಡುತ್ತವೆ. ತಾನಾಗಿ ತುಂಬಬೇಡ ಎಂಬ ಸೂಚನೆ ಕೊಟ್ಟರೂ ಬ್ರೌಸರ್ ಯಾವಾಗಲೂ ಕೇಳುತ್ತದೆ ಎನ್ನುವಂತಿಲ್ಲ. ಮೂರನೆಯದು, ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್. ತೆರೆಯ ಹೊರಗಿರುವುದನ್ನೂ ಅದು ಓದಿ ಹೇಳುತ್ತದೆಯಾದ್ದರಿಂದ, ಖಾನೆಯನ್ನು ಸ್ಕ್ರೀನ್ ರೀಡರಿನಿಂದಲೂ ಟ್ಯಾಬ್ ಕೀಲಿಯ ಸಾಲಿನಿಂದಲೂ ಹೊರಗಿಡಬೇಕು. ಆದರೂ ಯಾರಾದರೂ ಅಲ್ಲಿಗೆ ತಲುಪಿದರೆ ತಿಳಿಯಲೆಂದು ‘ಈ ಜಾಗವನ್ನು ಖಾಲಿ ಬಿಡಿ’ ಎಂದು ಕನ್ನಡದಲ್ಲೇ ಬರೆದಿಡುವುದು ಒಳ್ಳೆಯದು.

ಇನ್ನೊಂದು ಉಪಾಯ ಗಡಿಯಾರ. ಪುಟ ತೆರೆದ ಹೊತ್ತನ್ನೂ ಕಳಿಸಿದ ಹೊತ್ತನ್ನೂ ಹೋಲಿಸಿ, ಮೂರು ಸೆಕೆಂಡಿಗಿಂತ ಬೇಗ ಬಂದದ್ದನ್ನು ಸಂದೇಹದ ಪಟ್ಟಿಗೆ ಸೇರಿಸುವುದು. ಹೊತ್ತನ್ನು ಫಾರ್ಮಿನಲ್ಲಿ ಬರಿದಾಗಿ ಬರೆದರೆ ಬಾಟ್ ಅದನ್ನು ತಿದ್ದಬಹುದು; ಸರ್ವರಿನ ಗುಟ್ಟಿನ ಕೀಲಿಯಿಂದ ಸಹಿ ಮಾಡಿ ಕಳಿಸಿದರೆ ತಿದ್ದಲಾಗದು. ತೀರಾ ಬೇಗ ಬಂದದ್ದಕ್ಕೆ ಮಿತಿ ಹಾಕುವುದು ಸರಿ. ತೀರಾ ತಡವಾಗಿ ಬಂದದ್ದಕ್ಕೆ ಮಿತಿ ಹಾಕುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಮೊಬೈಲಿನಲ್ಲಿ ಕನ್ನಡದ ಒಂದೊಂದೇ ಅಕ್ಷರ ಹುಡುಕಿ ಬರೆಯುವ ಹಿರಿಯರು ನಾಲ್ಕು ಸಾಲಿಗೆ ಹತ್ತು ನಿಮಿಷ ತೆಗೆದುಕೊಳ್ಳುತ್ತಾರೆ. ಮೇಲಾಗಿ, ವೇಗಕ್ಕಾಗಿ ಕ್ಯಾಶ್ ಮಾಡಿಟ್ಟ, ಅಂದರೆ ಮೊದಲೇ ಸಿದ್ಧವಾಗಿ ಉಳಿಸಿಟ್ಟ ಪುಟಗಳಲ್ಲಿ ಈ ಹೊತ್ತು ಬೆಳಗಿನದೋ ನಿನ್ನೆಯದೋ ಆಗಿ ನಿಂತಿರುತ್ತದೆ. ಗಡಿಯಾರದ ಉಪಾಯ ಬೇಕಿದ್ದರೆ ಫಾರ್ಮ್ ಇರುವ ಪುಟವನ್ನು ಕ್ಯಾಶ್‌ನಿಂದ ಹೊರಗಿಡಬೇಕು.

ಈ ಎರಡಕ್ಕೂ ತಿಂಗಳ ಬಾಡಿಗೆಯಿಲ್ಲ, ಹೊರಗಿನ ಯಾವ ಕಂಪನಿಗೂ ಮಾಹಿತಿ ಹೋಗುವುದಿಲ್ಲ, ಅತಿಥಿಗೆ ಒಂದು ಕ್ಷಣದ ತೊಂದರೆಯೂ ಇಲ್ಲ. ನಿಜವಾದ ಬ್ರೌಸರ್ ನಡೆಸುವ ಬಾಟ್ ಇವನ್ನು ದಾಟಬಲ್ಲದು ಎಂಬುದೊಂದೇ ಕೊರತೆ.

ಒಕ್ಕಣೆಯನ್ನು ಓದಿ ತೀರ್ಮಾನಿಸುವುದು

ಯಾರು ಕಳಿಸಿದರು ಎಂಬುದನ್ನು ಬಿಟ್ಟು ಏನು ಕಳಿಸಿದರು ಎಂಬುದನ್ನು ನೋಡುವ ದಾರಿ ಇದು. ಕೈಯಿಂದ ತುಂಬುವ ಕೂಲಿಯವರ ಕಸಕ್ಕೂ ಅನ್ವಯಿಸುವುದು ಇದರ ಹೆಚ್ಚುಗಾರಿಕೆ. ಅತ್ಯಂತ ಫಲ ಕೊಡುವ ಒಂದೇ ನಿಯಮವನ್ನು ಹೇಳಬೇಕೆಂದರೆ, ಒಕ್ಕಣೆಯಲ್ಲಿ ವೆಬ್ ಕೊಂಡಿ ಇದ್ದರೆ ಪಕ್ಕಕ್ಕಿಡಿ ಎನ್ನುತ್ತೇನೆ. ಕಸ ಕಳಿಸುವವನ ಉದ್ದೇಶವೇ ಸಾಮಾನ್ಯವಾಗಿ ಕೊಂಡಿಯನ್ನು ಒತ್ತಿಸುವುದು; ಬೆಲ್ಲದ ದರ ಕೇಳುವವರು ಕೊಂಡಿ ಹಾಕುವುದು ವಿರಳ.

ದೂರವಾಣಿ ಸಂಖ್ಯೆಯೂ ಒಳ್ಳೆಯ ಸುಳಿವು. ನಮ್ಮ ಮೊಬೈಲ್ ಸಂಖ್ಯೆಗಳು ಹತ್ತು ಅಂಕಿಯವು, 6ರಿಂದ 9ರೊಳಗಿನ ಅಂಕಿಯಿಂದ ಆರಂಭವಾಗುತ್ತವೆ. ಬಾಟ್‌ಗಳು ತುಂಬುವ ಸಂಖ್ಯೆಗಳಲ್ಲಿ 8ರಿಂದ ಶುರುವಾಗುವ ಹನ್ನೊಂದು ಅಂಕಿಗಳವು ಬಹಳ. ಆದರೆ ಇಲ್ಲಿಯೂ ಎಚ್ಚರ ಬೇಕು: ಮೈಸೂರಿನ ಹಳೆಯ ಬಡಾವಣೆಯವರು 0821 ಹಾಕಿ, ಮಂಡ್ಯದವರು 08232 ಹಾಕಿ ಸ್ಥಿರ ದೂರವಾಣಿಯ ಸಂಖ್ಯೆ ಕೊಡುತ್ತಾರೆ, ಕೆಲವರು ಮುಂದೆ 91 ಸೇರಿಸುತ್ತಾರೆ, ಕೆಲವರು ನಡುವೆ ಜಾಗ ಬಿಡುತ್ತಾರೆ, ಕನ್ನಡ ಅಂಕಿಗಳಲ್ಲಿ ಬರೆಯುವವರೂ ಇದ್ದಾರೆ. ಇವೆಲ್ಲವನ್ನೂ ಮೊದಲು ಒಂದೇ ರೂಪಕ್ಕೆ ತಂದುಕೊಂಡು, ಆಮೇಲೆ ಪರೀಕ್ಷಿಸಬೇಕೇ ಹೊರತು ಬಂದ ರೂಪವನ್ನೇ ತಪ್ಪೆಂದು ಕೆಂಪು ಅಕ್ಷರ ತೋರಿಸಬಾರದು.

ಲಿಪಿಯನ್ನು ನೋಡುವ ನಿಯಮ ಇನ್ನೂ ಸೂಕ್ಷ್ಮವಾದದ್ದು. ಯೂನಿಕೋಡ್‌ನಲ್ಲಿ ಪ್ರತಿಯೊಂದು ಲಿಪಿಗೂ ಅದರದೇ ಸಂಕೇತಗಳ ವ್ಯಾಪ್ತಿ ಇರುವುದರಿಂದ, ಒಕ್ಕಣೆಯಲ್ಲಿ ಸಿರಿಲಿಕ್ ಅಕ್ಷರಗಳೇ ತುಂಬಿದ್ದರೆ ಪಕ್ಕಕ್ಕಿಡು ಎಂದು ಹೇಳುವುದು ಸುಲಭ. ಕರ್ನಾಟಕದೊಳಗೆ ಮಾತ್ರ ಮಾರುವ ಆಲೆಮನೆಗೆ ಅದರಿಂದ ನಷ್ಟವಿಲ್ಲ. ರಷ್ಯಾದಿಂದ ನಿಜವಾಗಿ ವಿದ್ಯಾರ್ಥಿಗಳು ಬರುವ ಗೋಕುಲಂನ ಯೋಗಶಾಲೆಗೆ ಅದೇ ನಿಯಮ ದೊಡ್ಡ ತಪ್ಪಾಗುತ್ತದೆ. ಇನ್ನು ಕನ್ನಡಕ್ಕೇ ವಿಶೇಷವಾದ ತೊಡಕುಗಳಿವೆ. ಹೆಸರಿನ ಖಾನೆಯಲ್ಲಿ ರೋಮನ್ ಅಕ್ಷರಗಳನ್ನು ಮಾತ್ರ ಒಪ್ಪುವ ಸಿದ್ಧ ಫಾರ್ಮುಗಳು ಈಗಲೂ ಇವೆ. ಅವು ತನ್ನ ಹೆಸರನ್ನು ಕನ್ನಡದಲ್ಲಿ ಬರೆದ ಕನ್ನಡಿಗನನ್ನೇ ಹೊರಗೆ ಕಳಿಸುತ್ತವೆ. ‘ರಾಜ್‌ಕುಮಾರ್’ ಎಂಬಂಥ ಹೆಸರುಗಳಲ್ಲಿ ಒತ್ತಕ್ಷರವಾಗದಂತೆ ತಡೆಯಲು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ. ಕಾಣದ ಸಂಕೇತಗಳೆಲ್ಲ ಮೋಸವೆಂದು ಭಾವಿಸುವ ಜರಡಿಗಳು ಅಂಥ ಹೆಸರನ್ನು ಹಿಡಿದು ಹಾಕುತ್ತವೆ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡವೂ ನುಡಿಯ ಹಳೆಯ ಫಾಂಟಿನಿಂದ ಅಂಟಿಸಿದ ಬರಹವೂ ಇಂಗ್ಲಿಷಿಗೆಂದು ತರಬೇತಾದ ಜರಡಿಗೆ ಅರ್ಥವಿಲ್ಲದ ಸಾಲುಗಳಾಗಿಯೇ ತೋರುತ್ತವೆ.

ಒಕ್ಕಣೆ ಪರೀಕ್ಷಿಸುವ ಸೇವೆಗಳಲ್ಲಿ 2005ರಿಂದ ಇರುವ ಅಕಿಸ್ಮೆಟ್ ಹೆಸರಾಂತದ್ದು. ಬಂದ ಸಂದೇಶವನ್ನು ತನ್ನ ಸರ್ವರಿಗೆ ತರಿಸಿಕೊಂಡು, ಲಕ್ಷಾಂತರ ವೆಬ್‌ಸೈಟುಗಳಲ್ಲಿ ಕಂಡ ಕಸದೊಂದಿಗೆ ಹೋಲಿಸಿ ತೀರ್ಪು ಹೇಳುತ್ತದೆ. ವೈಯಕ್ತಿಕ ಬಳಕೆಗೆ ಮನಸ್ಸಿಗೆ ತೋಚಿದಷ್ಟು ಕೊಡಬಹುದು, ವ್ಯಾಪಾರಕ್ಕೆ ಶುಲ್ಕವಿದೆ. ಅತಿಥಿಯ ಹೆಸರು, ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ಅವರ ಸಂಪರ್ಕವನ್ನು ಗುರುತಿಸುವ ಸಂಖ್ಯೆ), ಒಕ್ಕಣೆ ಎಲ್ಲವೂ ಹೊರಗೆ ಹೋಗುತ್ತವೆ ಎಂಬುದು ಮರೆಯುವ ಮಾತಲ್ಲ. ಕಾಯಿಲೆಯ ವಿವರ ಬರುವ ಕ್ಲಿನಿಕ್‌ನ ಫಾರ್ಮಿಗೆ ಇಂಥ ಸೇವೆಯನ್ನು ನಾನು ಹಾಕುವುದಿಲ್ಲ.

ಕನ್ನಡದಲ್ಲಿ ಒಂದು ಪ್ರಶ್ನೆ

‘ಮೂರಕ್ಕೆ ನಾಲ್ಕು ಕೂಡಿದರೆ ಎಷ್ಟು?’ ಎಂದು ಕನ್ನಡ ಅಕ್ಷರಗಳಲ್ಲಿ ಕೇಳಿ ಉತ್ತರ ಬರೆಸುವುದು ಹಳೆಯ ಉಪಾಯವಾದರೂ ನಮ್ಮ ಭಾಷೆಯ ವೆಬ್‌ಸೈಟುಗಳಲ್ಲಿ ಈಗಲೂ ಚೆನ್ನಾಗಿ ಕೆಲಸ ಮಾಡುತ್ತದೆ. ಜಗತ್ತಿನ ಎಲ್ಲ ಫಾರ್ಮುಗಳಿಗೆಂದು ಬರೆದ ಬಾಟ್‌ಗೆ ಮಂಡ್ಯದ ಒಂದು ಪುಟದ ಒಂದು ಪ್ರಶ್ನೆಗಾಗಿ ಬೇರೆ ಕೋಡ್ ಬರೆಯುವಷ್ಟು ಲಾಭ ಇಲ್ಲ. ವೆಬ್‌ಸೈಟ್ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನ ಕಾಂಟ್ಯಾಕ್ಟ್ ಫಾರ್ಮ್ 7 ಪ್ಲಗಿನ್‌ನಲ್ಲಿ ಇಂಥ ಪ್ರಶ್ನೆಯ ಖಾನೆ ಮೊದಲಿನಿಂದಲೇ ಇದೆ. ಪ್ರಶ್ನೆಯನ್ನು ಆರಿಸುವಾಗ ಮಾತ್ರ ವಿವೇಕ ಬೇಕು. ಕನ್ನಂಬಾಡಿ ಅಣೆಕಟ್ಟು ಯಾವ ನದಿಗೆ ಕಟ್ಟಿದ್ದು ಎಂದು ಒಂದು ಕಡೆ ಹಾಕಿ ನೋಡಿದೆ; ಎಲ್ಲರಿಗೂ ಉತ್ತರ ಗೊತ್ತು, ಆದರೆ ಒಬ್ಬರು ‘ಕಾವೇರಿ’ ಎಂದರೆ ಇನ್ನೊಬ್ಬರು ‘ಕಾವೇರಿ ನದಿ’ ಎಂದರು, ಮತ್ತೊಬ್ಬರು ಇಂಗ್ಲಿಷಿನಲ್ಲಿ ಎರಡು ಬಗೆಯ ಕಾಗುಣಿತದಲ್ಲಿ ಬರೆದರು. ಅಂಕಿಯ ಉತ್ತರವೇ ಲೇಸು, ಅದರಲ್ಲಿಯೂ 7, ೭, ಏಳು ಎಂಬ ಮೂರನ್ನೂ ಸರಿಯೆಂದು ಒಪ್ಪಬೇಕು. ಹೊಸ ಭಾಷಾ ಮಾದರಿಗಳನ್ನು ಜೋಡಿಸಿಕೊಂಡ ಬಾಟ್ ಇಂಥ ಪ್ರಶ್ನೆಗೆ ಸಲೀಸಾಗಿ ಉತ್ತರಿಸಬಲ್ಲದು. ಕನ್ನಡ ಓದಲು ಬಾರದ ಅತಿಥಿ ಉತ್ತರಿಸಲಾರ. ಕನ್ನಡಿಗರೇ ಗ್ರಾಹಕರಾಗಿರುವ ಕಡೆ ಮಾತ್ರ ಇದು ಹೊಂದುತ್ತದೆ.

ಕ್ಯಾಪ್ಚಾಗಳಲ್ಲಿ ಯಾವುದು

ಬಹುತೇಕರು ಮೊದಲು ಕೇಳುವುದು ಇದನ್ನೇ. ತಿರುಚಿದ ಅಕ್ಷರಗಳ ಚಿತ್ರ ತೋರಿಸಿ ಯಂತ್ರವನ್ನು ತಡೆಯುವ ಯುಕ್ತಿಯನ್ನು 1997ರ ಸುಮಾರಿಗೆ ಆಲ್ಟಾವಿಸ್ಟಾ ಎಂಬ ಹುಡುಕುತಾಣ ತನ್ನ ಫಾರ್ಮಿಗೆ ಯಂತ್ರಗಳು ವಿಳಾಸಗಳನ್ನು ಸುರಿಯುವುದನ್ನು ನಿಲ್ಲಿಸಲೆಂದೇ ಬಳಸಿತು. ಅಂದರೆ ಈ ವಿದ್ಯೆ ಹುಟ್ಟಿದ್ದೇ ನಮ್ಮ ಇಂದಿನ ಸಮಸ್ಯೆಗಾಗಿ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲೂಯಿಸ್ ವಾನ್ ಆನ್ ಮತ್ತು ಅವರ ಸಂಗಡಿಗರು ಅದಕ್ಕೆ ಕ್ಯಾಪ್ಚಾ ಎಂಬ ಹೆಸರು ಕೊಟ್ಟು ಸಿದ್ಧಾಂತ ಕಟ್ಟಿದರು. 2007ರಲ್ಲಿ ಬಂದ ರೀಕ್ಯಾಪ್ಚಾವನ್ನು 2009ರಲ್ಲಿ ಗೂಗಲ್ ಕೊಂಡಿತು.

‘ನಾನು ರೋಬಾಟ್ ಅಲ್ಲ’ ಎಂಬ ಚೌಕ ಮತ್ತು ಅದರ ಹಿಂದೆ ಬರುವ ಚಿತ್ರಗಳ ಒಗಟು ರೀಕ್ಯಾಪ್ಚಾದ ಎರಡನೆಯ ಆವೃತ್ತಿ. ಅದನ್ನು ಇಲ್ಲಿಯ ಸಣ್ಣ ವ್ಯವಹಾರಗಳಿಗೆ ನಾನು ಈಗ ಹಾಕುವುದೇ ಇಲ್ಲ. ಬೆಂಕಿ ಆರಿಸಲು ರಸ್ತೆ ಬದಿಯಲ್ಲಿ ನೆಟ್ಟ ನೀರಿನ ಕೊಳಾಯಿಗಳ ಚಿತ್ರಗಳನ್ನು ಆರಿಸಿ ಎಂದು ಅದು ಕೇಳುತ್ತದೆ; ಅಮೆರಿಕದ ಬೀದಿಗಳಲ್ಲಿರುವ ಆ ವಸ್ತುವನ್ನು ಮದ್ದೂರು ಸಂತೆಯ ವ್ಯಾಪಾರಿ ಒಮ್ಮೆಯೂ ನೋಡಿರಲಾರ. ಕಣ್ಣು ಮಂದವಾದವರಿಗೆ ಚಿತ್ರವೂ ಕಷ್ಟ, ಧ್ವನಿಯ ಪರ್ಯಾಯವೂ ಕಷ್ಟ. ಅಷ್ಟು ಕಷ್ಟಪಟ್ಟರೂ ಫಲವೆಷ್ಟು ಎಂದು ನೋಡಿದರೆ, 2024ರಲ್ಲಿ ಜೂರಿಕ್‌ನ ಇಟಿಎಚ್ ಸಂಶೋಧಕರು ತಮ್ಮ ಯಂತ್ರ ಆ ಚಿತ್ರದ ಒಗಟುಗಳನ್ನು ಪೂರ್ತಿ ಬಿಡಿಸಬಲ್ಲದೆಂದು ತೋರಿಸಿದರು. ಮನುಷ್ಯ ಎಡವುವ, ಯಂತ್ರ ದಾಟುವ ಹೊಸಿಲನ್ನು ಬಾಗಿಲಿಗೆ ಹಾಕಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ.

2018ರಲ್ಲಿ ಬಂದ ಮೂರನೆಯ ಆವೃತ್ತಿ ಏನನ್ನೂ ಕೇಳದೆ, ಬಂದವರ ನಡವಳಿಕೆಯನ್ನು ನೋಡಿ 0ಯಿಂದ 1ರವರೆಗೆ ಅಂಕ ಕೊಡುತ್ತದೆ. 1ರ ಹತ್ತಿರ ಇದ್ದಷ್ಟೂ ಮನುಷ್ಯ. ಗೂಗಲ್ ಸೂಚಿಸುವ ಆರಂಭದ ಗೆರೆ 0.5. ಕಡಿಮೆ ಅಂಕ ಬಂದವರನ್ನು ಏನು ಮಾಡಬೇಕೆಂಬ ಹೊಣೆ ನಮ್ಮದು, ಮತ್ತು ಹೆಚ್ಚಿನವರು ಮಾಡುವ ತಪ್ಪೆಂದರೆ ಅಂಥವರನ್ನು ಸದ್ದಿಲ್ಲದೆ ತಿರಸ್ಕರಿಸುವುದು. ಇನ್ನೊಂದು ಗುಪ್ತ ತೊಡಕಿದೆ: ಪರೀಕ್ಷೆಯಾಯಿತೆಂದು ಅದು ಕೊಡುವ ಟೋಕನ್ ಎಂಬ ಗುರುತಿನ ಚೀಟಿ ಎರಡೇ ನಿಮಿಷ ಬಾಳುತ್ತದೆ. ಪುಟ ತೆರೆದ ಕೂಡಲೇ ಟೋಕನ್ ಪಡೆದಿಟ್ಟರೆ ನಿಧಾನವಾಗಿ ಬರೆಯುವವರ ಸಂದೇಶವೆಲ್ಲ ತಪ್ಪಿಹೋಗುತ್ತದೆ. ‘ಕಳಿಸಿ’ ಒತ್ತಿದ ಮೇಲೆಯೇ ಪಡೆಯಬೇಕು. ತಿಂಗಳಿಗೆ 10,000 ಪರೀಕ್ಷೆಗಳವರೆಗೆ ಉಚಿತ. ಸಣ್ಣ ವೆಬ್‌ಸೈಟಿಗೆ ಅದು ಸಾಕು.

ಕ್ಲೌಡ್‌ಫ್ಲೇರ್ ಕಂಪನಿ 2020ರಲ್ಲಿ ರೀಕ್ಯಾಪ್ಚಾ ಬಿಟ್ಟು ಎಚ್‌ಕ್ಯಾಪ್ಚಾಗೆ ಹೋಯಿತು. 2022ರಲ್ಲಿ ಟರ್ನ್‌ಸ್ಟೈಲ್ ಎಂಬ ತನ್ನದೇ ಉಪಾಯವನ್ನು ಹೊರತಂದಿತು. ಎಚ್‌ಕ್ಯಾಪ್ಚಾದಲ್ಲಿಯೂ ಚಿತ್ರದ ಒಗಟುಗಳೇ ಇರುವುದರಿಂದ ಅದರ ಬಗ್ಗೆ ಮೇಲಿನ ಮಾತೇ ಸಾಕು. ಟರ್ನ್‌ಸ್ಟೈಲ್ ಒಗಟು ಕೇಳುವುದಿಲ್ಲ. ಬ್ರೌಸರ್ ನಿಜವಾದದ್ದೇ ಎಂದು ಒಳಗೊಳಗೇ ಸಣ್ಣ ಪರೀಕ್ಷೆಗಳನ್ನು ನಡೆಸಿ, ಬೇಕಾದಾಗ ಮಾತ್ರ ಒಂದು ಚೌಕ ಒತ್ತಿಸುತ್ತದೆ. ಟೋಕನ್ ಐದು ನಿಮಿಷ ಬಾಳುತ್ತದೆ, ಅವಧಿ ಮುಗಿದರೆ ತಾನೇ ಹೊಸದನ್ನು ತರುತ್ತದೆ, ಉಚಿತವಾಗಿಯೂ ಸಿಗುತ್ತದೆ. ಹೊರಗಿನ ಸೇವೆಯೊಂದನ್ನು ಹಾಕಲೇಬೇಕಾದ ಕಡೆ ಸದ್ಯ ನನ್ನ ಆಯ್ಕೆ ಇದೇ.

ಹೊರಗಿನವರ ಹಂಗೇ ಬೇಡ ಎನ್ನುವವರಿಗೆ ಆಲ್ಟ್‌ಚಾದಂಥ ಲೆಕ್ಕ ಮಾಡಿಸುವ ತಡೆಗಳಿವೆ. ಕಳಿಸುವ ಮುನ್ನ ಬ್ರೌಸರಿಗೆ ಒಂದು ಕಠಿಣ ಲೆಕ್ಕ ಕೊಟ್ಟು ಮಾಡಿಸುವುದು ಇದರ ಬಗೆ. ಒಬ್ಬ ಅತಿಥಿಗೆ ಒಂದೆರಡು ಸೆಕೆಂಡಿನ ಮಾತು, ಲಕ್ಷ ಸಂದೇಶ ಕಳಿಸುವವನಿಗೆ ವಿದ್ಯುತ್ ಮತ್ತು ಸಮಯದ ಹೊರೆ. 1997ರಲ್ಲಿ ಆಡಮ್ ಬ್ಯಾಕ್ ಇಮೇಲ್ ಕಸದ ವಿರುದ್ಧ ಸೂಚಿಸಿದ ಹ್ಯಾಶ್‌ಕ್ಯಾಶ್ ಎಂಬ ಉಪಾಯವೇ ಇದರ ಮೂಲ. ನಮ್ಮ ಸರ್ವರಿನಲ್ಲೇ ನಡೆಸಬಹುದು, ಅತಿಥಿಯ ಮಾಹಿತಿ ಎಲ್ಲಿಗೂ ಹೋಗುವುದಿಲ್ಲ. ಹಳೆಯ, ಕಡಿಮೆ ಬೆಲೆಯ ಮೊಬೈಲುಗಳಲ್ಲಿ ಆ ಲೆಕ್ಕ ತುಸು ಹೆಚ್ಚು ಹೊತ್ತು ಹಿಡಿಯುತ್ತದೆ, ಆದ್ದರಿಂದ ಕಠಿಣತೆಯ ಮಟ್ಟವನ್ನು ಅಂಥದೊಂದು ಮೊಬೈಲಿನಲ್ಲಿ ಪರೀಕ್ಷಿಸಿಯೇ ನಿಗದಿ ಮಾಡಬೇಕು.

ನಾನು ಸುಲಭಕ್ಕೆ ಒಪ್ಪದ ಎರಡು

ಮೊಬೈಲಿಗೆ ಒಟಿಪಿ ಕಳಿಸಿ ಖಚಿತಪಡಿಸಿಕೊಳ್ಳುವುದು ಗಟ್ಟಿಯಾದ ಬೀಗವೆಂದು ಹಲವರು ನಂಬಿದ್ದಾರೆ. ಪ್ರತಿ ಎಸ್‌ಎಂಎಸ್‌ಗೂ ಹಣ. ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್ 2018ರಲ್ಲಿ ತಂದ ನಿಯಮಗಳಂತೆ, ವಾಣಿಜ್ಯ ಎಸ್‌ಎಂಎಸ್ ಕಳಿಸುವವರ ನೋಂದಣಿಗೆಂದು ಇರುವ ಡಿಎಲ್‌ಟಿ ವೇದಿಕೆಯಲ್ಲಿ ಸಂಸ್ಥೆಯನ್ನೂ, ಕಳಿಸುವ ಹೆಸರನ್ನೂ, ಒಕ್ಕಣೆಯ ಮಾದರಿಯನ್ನೂ ನೋಂದಾಯಿಸಬೇಕು. ಇವೆಲ್ಲಕ್ಕಿಂತ ಗಂಭೀರವಾದದ್ದು, ಒಟಿಪಿ ಕೇಳುವ ಗುಂಡಿಯೇ ಬಾಟ್‌ನ ಗುರಿಯಾಗುವುದು. ಬಾಟ್ ಸಾವಿರಾರು ಸಂಖ್ಯೆಗಳನ್ನು ಕೊಟ್ಟು ಎಸ್‌ಎಂಎಸ್ ಕಳಿಸುತ್ತ ಹೋದರೆ ಹಣ ಕರಗುವುದು ನಮ್ಮದು, ಕಿರಿಕಿರಿಯಾಗುವುದು ಸಂಬಂಧವೇ ಇಲ್ಲದ ಜನರಿಗೆ. ಅಂದರೆ ಒಟಿಪಿಯ ಮುಂದೆ ಇನ್ನೊಂದು ತಡೆ ಬೇಕೇ ಬೇಕು. ಮುಂಗಡ ಹಣ ಪಡೆಯುವ ಹಂತಕ್ಕೆ ಒಟಿಪಿ ಸರಿ, ದರ ವಿಚಾರಿಸುವ ಹಂತಕ್ಕಲ್ಲ.

ಐಪಿ ವಿಳಾಸ ನೋಡಿ ತಡೆಯುವುದು ಇನ್ನೊಂದು. ನಮ್ಮ ಮೊಬೈಲ್ ಕಂಪನಿಗಳು ಸಾವಿರಾರು ಗ್ರಾಹಕರನ್ನು ಒಂದೇ ಐಪಿ ವಿಳಾಸದ ಹಿಂದೆ ಇಟ್ಟಿರುತ್ತವೆಯಾದ್ದರಿಂದ ಒಬ್ಬನ ತಪ್ಪಿಗೆ ಊರನ್ನೇ ಹೊರಗಿಟ್ಟಂತಾಗುತ್ತದೆ. ಒಂದು ವಿಳಾಸದಿಂದ ಗಂಟೆಗೆ ಇಷ್ಟು ಎಂಬ ಉದಾರವಾದ ಮಿತಿ ಸಾಕು. ಹೊರದೇಶಗಳನ್ನು ಪೂರ್ತಿ ತಡೆಯುವುದು ಆಲೆಮನೆಗೆ ಆಗಬಹುದು. ದಸರೆಗೆ ಬರುವ ಅನಿವಾಸಿ ಮಕ್ಕಳು ಕೋಣೆ ಹುಡುಕುವ ಹೋಮ್‌ಸ್ಟೇಗೆ ಆಗದು.

ಯಾವುದನ್ನು ಆರಿಸಿದರೂ

ತಡೆಯ ಪರೀಕ್ಷೆ ಸರ್ವರಿನಲ್ಲಿಯೇ ನಡೆಯಬೇಕು. ಪುಟದಲ್ಲಿ ಟರ್ನ್‌ಸ್ಟೈಲಿನ ಚೌಕ ಅಂದವಾಗಿ ಕಾಣುತ್ತಿದ್ದರೂ, ಬಂದ ಟೋಕನನ್ನು ಸರ್ವರ್ ಆ ಕಂಪನಿಯ ಬಳಿ ಕೇಳಿ ಖಚಿತಪಡಿಸಿಕೊಳ್ಳದಿದ್ದರೆ ಪುಟ ತೆರೆಯದೆ ಕಳಿಸುವ ದಡ್ಡ ಬಾಟ್ ಕೂಡ ಸಲೀಸಾಗಿ ಒಳಗೆ ಬರುತ್ತದೆ. ಬೇರೆಯವರು ಮಾಡಿದ ಎರಡು ವೆಬ್‌ಸೈಟುಗಳು ನನ್ನ ಕೈಗೆ ಬಂದಾಗ ಇದೇ ಸ್ಥಿತಿಯಲ್ಲಿದ್ದವು.

‘ನಿಮ್ಮ ಸಂದೇಶ ತಲುಪಿತು, ನೀವು ಬರೆದದ್ದು ಹೀಗಿದೆ’ ಎಂದು ತಾನಾಗಿ ಹೋಗುವ ಉತ್ತರದ ಬಗ್ಗೆ ವಿಶೇಷ ಎಚ್ಚರ ಬೇಕು. ಬಾಟ್ ಇನ್ನಾರದೋ ಇಮೇಲ್ ವಿಳಾಸ ಕೊಟ್ಟು, ಒಕ್ಕಣೆಯಲ್ಲಿ ತನ್ನ ಕೊಂಡಿ ಬರೆದರೆ, ನಮ್ಮ ಸರ್ವರೇ ಆ ಕಸವನ್ನು ಮೂರನೆಯವರಿಗೆ ಮುಟ್ಟಿಸುತ್ತದೆ. ಸ್ವಲ್ಪ ದಿನಗಳಲ್ಲೇ ನಮ್ಮ ಡೊಮೇನಿನ ಹೆಸರು ಕೆಟ್ಟು, ನಿಜವಾದ ಅತಿಥಿಗೆ ಕಳಿಸಿದ ಬುಕಿಂಗ್ ಪತ್ರವೂ ಅವರ ಸ್ಪ್ಯಾಮ್ ಪೆಟ್ಟಿಗೆಗೆ ಬೀಳುತ್ತದೆ. ತಾನಾಗಿ ಹೋಗುವ ಉತ್ತರವನ್ನು ನಿಲ್ಲಿಸುವುದು ಉತ್ತಮ. ಬೇಕೇ ಬೇಕೆಂದರೆ ಅವರು ಬರೆದ ಒಂದು ಪದವೂ, ಹೆಸರು ಸಹ, ಅದರಲ್ಲಿ ಇರಬಾರದು. ಹಾಗೆಯೇ ಹೆಸರು ಮತ್ತು ಇಮೇಲ್ ಖಾನೆಗಳಲ್ಲಿ ಸಾಲು ಮುರಿಯುವ ಸಂಕೇತ ಬಂದರೆ ತಿರಸ್ಕರಿಸಬೇಕು. ಅದರ ಮೂಲಕ ಇಮೇಲಿನ ತಲೆಬರಹಕ್ಕೆ ಬೇರೆ ವಿಳಾಸಗಳನ್ನು ಸೇರಿಸಿ ನಮ್ಮ ಸರ್ವರನ್ನೇ ಕಸದ ಅಂಚೆಯಾಳಾಗಿ ಮಾಡಿಕೊಳ್ಳುವ ಹಳೆಯ ದಾಳಿ ಇದೆ.

ಮಾಹಿತಿಯ ವಿಷಯದಲ್ಲಿ ಕಾನೂನನ್ನೂ ನೋಡಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು, ಒಪ್ಪಿಗೆ ಕೇಳುವಾಗ ಕೊಡುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಕನ್ನಡವೂ ಸೇರಿದ ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಓದುವ ಆಯ್ಕೆ ಜನರಿಗೆ ಇರಬೇಕೆನ್ನುತ್ತದೆ. ಫಾರ್ಮಿನ ಕೆಳಗೆ ಎರಡು ಸಾಲಿನ ಕನ್ನಡ ಸೂಚನೆ ಬರೆಯಲು ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಸಂದೇಹದ ಸಂದೇಶವನ್ನು ಅಳಿಸಬಾರದು. ಬೇರೆ ಪೆಟ್ಟಿಗೆಯಲ್ಲಿ ಒಂದು ತಿಂಗಳು ಇಟ್ಟು, ವಾರಕ್ಕೊಮ್ಮೆ ಕಣ್ಣು ಹಾಯಿಸಿ, ಆಮೇಲೆ ತೆಗೆಯಬೇಕು. ಮನುಷ್ಯನ ಕಣ್ಣಿಗೆ ಇನ್ನೂರು ಕಸದ ತಲೆಬರಹಗಳನ್ನು ದಾಟಲು ಐದು ನಿಮಿಷವೂ ಬೇಡ.

ಯಾರಿಗೆ ಯಾವುದು

ಆಲೆಮನೆಗೆ ಕಾಣದ ಖಾನೆ, ಗಡಿಯಾರ, ಕೊಂಡಿಯ ನಿಯಮ, ಸಾಲದಿದ್ದರೆ ಕನ್ನಡದ ಪ್ರಶ್ನೆ. ಇವಿಷ್ಟೇ ಸಾಕಾಯಿತು, ಹೊರಗಿನ ಸೇವೆಯ ಅಗತ್ಯವೇ ಬೀಳಲಿಲ್ಲ. ಫಾರ್ಮನ್ನೇ ತೆಗೆದು ವಾಟ್ಸ್‌ಆ್ಯಪ್ ಕೊಂಡಿ ಕೊಡಬಹುದಲ್ಲ ಎಂದರೆ, ಅಂಥ ವ್ಯಾಪಾರಕ್ಕೆ ಅದೂ ಒಪ್ಪುವಂಥದ್ದೇ, ಸಂಖ್ಯೆ ಬಹಿರಂಗವಾಗುತ್ತದೆ ಎಂಬುದನ್ನು ತಿಳಿದು ಮಾಡಿದರೆ ಆಯಿತು.

ಯೋಗಶಾಲೆಗೆ ಹಲವು ದೇಶಗಳಿಂದ, ಹಲವು ಭಾಷೆಗಳಲ್ಲಿ ಪತ್ರ ಬರುತ್ತದೆ. ಒಂದು ಪ್ರವೇಶ ತಪ್ಪಿದರೆ ಒಂದು ತಿಂಗಳ ಶುಲ್ಕ ತಪ್ಪಿದಂತೆ. ಅಲ್ಲಿ ಲಿಪಿಯ ನಿಯಮವೂ ದೇಶದ ನಿಯಮವೂ ಬೇಡ. ಕಾಣದ ಖಾನೆಯೊಂದಿಗೆ ಟರ್ನ್‌ಸ್ಟೈಲ್ ಹಾಕಿ, ಕೊಂಡಿ ಇರುವುದನ್ನು ಪಕ್ಕಕ್ಕಿಟ್ಟು ಓದುವುದು ಸರಿಯಾದ ಏರ್ಪಾಡು.

ಟ್ಯೂಷನ್ ಕೇಂದ್ರದ ಫಾರ್ಮನ್ನು ತುಂಬುವವರು ಹೆಚ್ಚಾಗಿ ಮೊಬೈಲ್ ಹಿಡಿದ ಪೋಷಕರು, ಅದೂ ಫಲಿತಾಂಶದ ವಾರದಲ್ಲಿ ಒಟ್ಟೊಟ್ಟಿಗೆ. ಆ ವಾರ ಐಪಿ ಮಿತಿ ಹಾಕಿದರೆ ನಿಜವಾದವರೇ ಸಿಕ್ಕಿಕೊಳ್ಳುತ್ತಾರೆ. ಸಂಖ್ಯೆಯ ಪರೀಕ್ಷೆ ಮತ್ತು ಗಡಿಯಾರ ಅಲ್ಲಿ ಸಾಕು. ಮಕ್ಕಳ ಹೆಸರು, ಶಾಲೆ ಬರುವ ಫಾರ್ಮ್ ಆದ ಕಾರಣ, ಇನ್ನೂ ಬಿಗಿ ಬೇಕಾದರೆ ನಮ್ಮ ಸರ್ವರಿನಲ್ಲೇ ನಡೆಯುವ ಲೆಕ್ಕದ ತಡೆಯನ್ನು ಹಾಕಬೇಕು.

ಹೋಮ್‌ಸ್ಟೇಯವರಿಗೆ ಕೊನೆಗೆ ಮಾಡಿಕೊಟ್ಟ ಏರ್ಪಾಡಿನಲ್ಲಿ ಕಾಣದ ಖಾನೆ, ಗಡಿಯಾರ ಮತ್ತು ಟರ್ನ್‌ಸ್ಟೈಲ್ ಮೂರೂ ಇವೆ. ಒಂದರಲ್ಲಿ ತಪ್ಪಿದ ಸಂದೇಶವೂ ಸಂದೇಹದ ಪೆಟ್ಟಿಗೆಗೆ ಬಂದೇ ಬರುತ್ತದೆ. ಕಳಿಸಲಾಗದಿದ್ದರೆ ‘ದಯವಿಟ್ಟು ಈ ಸಂಖ್ಯೆಗೆ ಕರೆ ಮಾಡಿ’ ಎಂಬ ಸಾಲು ಕನ್ನಡ, ಇಂಗ್ಲಿಷ್ ಎರಡರಲ್ಲೂ ಕಾಣಿಸುತ್ತದೆ. ದಸರೆಗೆ ಎರಡು ತಿಂಗಳಿರುವಾಗ ಪ್ರತಿ ವರ್ಷ ನಾನು ಅಲ್ಲಿಗೆ ಹೋಗಿ, ಮಾಲೀಕರ ತಾಯಿಯವರ ಹಳೆಯ ಮೊಬೈಲಿನಿಂದ ಯೂನಿಕೋಡ್ ಕನ್ನಡದಲ್ಲಿ ಒಂದು, ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಒಂದು, ಮತ್ತು ಕಚೇರಿಯ ಕಂಪ್ಯೂಟರಿನಿಂದ ನುಡಿಯ ಹಳೆಯ ಫಾಂಟಿನಲ್ಲಿ ಒಂದು ಸಂದೇಶ ಕಳಿಸಿ, ಮೂರೂ ತಲುಪಿದವೇ ಎಂದು ಅವರ ಎದುರಿಗೇ ನೋಡುತ್ತೇನೆ.